ಬಟ್ಟೆಯ ರೆಕ್ಕೆ, ಮೂರು ಚಕ್ರದ ಬಂಡಿ

ಕಳೆದ ತಿಂಗಳು ನಮ್ಮ ವಾಚನಾಲಯದ ಮೇಜಿನ ಮೇಲಿದ್ದ ಸಚಿತ್ರ ಪತ್ರಿಕೆಯೊಂದರಲ್ಲಿ ವಿಚಿತ್ರವಾದ ವಿಮಾನದ ಚಿತ್ರವಿತ್ತು. ಮೇಲೆ ಗಾಳಿಪಟದಂಥ ಬಣ್ಣದ ರೆಕ್ಕೆ. ಕೆಳಗೆ, ಆಟೋರಿಕ್ಷಾದ ಮೈಯನ್ನೆಲ್ಲ ಕಿತ್ತುಹಾಕಿದರೆ ಉಳಿಯುವಂಥ ಮೂರು ಚಕ್ರದ ಬಂಡಿ. ಅದರಲ್ಲಿ ಒಬ್ಬರ ಹಿಂದೊಬ್ಬರು ಕುಳಿತ ಇಬ್ಬರು. ಅವರ ಬೆನ್ನಿಗೆ ಎಂಜಿನ್ನು, ಪಂಖ. ಬಾಲವಿಲ್ಲ, ಬಾಗಿಲಿಲ್ಲ. "ಇದು ಹಾರುವುದು ಹೇಗೆ ಎನ್ನುವುದಿರಲಿ, ಬೀಳದಿರುವುದು ಹೇಗೆ?" ಎಂದು ಸದಸ್ಯರೊಬ್ಬರು ಕೇಳಿದರು. ಅಂದು ನಮಗೆ ಉತ್ತರ ತೋಚಲಿಲ್ಲ. ನಾವು ಇದನ್ನು ಹಾರಿಸಿದವರಲ್ಲ. ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಇದಕ್ಕೆ ಟ್ರೈಕ್ ಎಂದು ಹೆಸರು. ಇದರ ರೆಕ್ಕೆಯ ಮೂಲ ಅಮೆರಿಕದ್ದು. 1948ರಲ್ಲಿ ಫ್ರಾನ್ಸಿಸ್ ರೊಗಾಲೊ ಎಂಬ ಎಂಜಿನಿಯರು, ಮರಗಟ್ಟಿನ ಹಂಗಿಲ್ಲದೆ ಗಾಳಿಯ ಒತ್ತಡದಿಂದಲೇ ಆಕಾರ ತಾಳುವ ರೆಕ್ಕೆಯೊಂದನ್ನು ಯೋಚಿಸಿದರು. ಅವರ ಪತ್ನಿ ಗರ್ಟ್ರೂಡ್ ಅಡಿಗೆಮನೆಯ ಪರದೆಯ ಬಟ್ಟೆಯಿಂದ ಅದನ್ನು ಹೊಲಿದುಕೊಟ್ಟರು. 1963ರಲ್ಲಿ ಆಸ್ಟ್ರೇಲಿಯದ ಜಾನ್ ಡಿಕನ್ಸನ್ ಅಂಥ ರೆಕ್ಕೆಯ ಕೆಳಗೆ ತ್ರಿಕೋನದ ಚೌಕಟ್ಟು ಕಟ್ಟಿ, ಅದನ್ನು ಹಿಡಿದು ಮನುಷ್ಯ ತೂಗಾಡುತ್ತ ನಡೆಸುವ ಉಪಾಯ ಮಾಡಿದರು. 1970ರ ದಶಕದ ಕೊನೆಗೆ ಆ ತೂಗುವ ಮನುಷ್ಯನ ಜಾಗಕ್ಕೆ ಎಂಜಿನ್ನಿನ ಬಂಡಿ ಬಂತು.

ಬಂಡಿಯು ರೆಕ್ಕೆಗೆ ಬಿಗಿಯಾಗಿ ಕೂಡಿಕೊಂಡಿರುವುದಿಲ್ಲ. ರೆಕ್ಕೆಯ ನಡುಕಂಬದಿಂದ ಒಂದೇ ಒಂದು ದಪ್ಪ ಬೋಲ್ಟಿನ ಮೇಲೆ, ತಕ್ಕಡಿಯ ತಟ್ಟೆಯಂತೆ ತೂಗುತ್ತಿರುತ್ತದೆ. ಚಾಲಕನ ಎದೆಯ ಮುಂದೆ ಅಡ್ಡ ಸಲಾಕೆಯೊಂದಿದೆ. ಅದನ್ನು ಮುಂದಕ್ಕೆ ನೂಕಿದರೆ ರೆಕ್ಕೆಯ ಮೂತಿ ಮೇಲೇಳುತ್ತದೆ, ವೇಗ ತಗ್ಗುತ್ತದೆ. ಎದೆಗೆ ಎಳೆದರೆ ಮೂತಿ ಬಾಗಿ ವೇಗ ಹೆಚ್ಚುತ್ತದೆ. ಬಲಕ್ಕೆ ನೂಕಿದರೆ ಬಂಡಿಯ ಭಾರ ಎಡಕ್ಕೆ ಸರಿದು ಯಂತ್ರ ಎಡಕ್ಕೆ ತಿರುಗುತ್ತದೆ. ದೊಡ್ಡ ವಿಮಾನದ ಕೋಲು ಇದಕ್ಕೆ ತೀರ ವಿರುದ್ಧ. ಆದ್ದರಿಂದ ಅದರಲ್ಲಿ ಪಳಗಿದವರಿಗೆ ಇದು ಹೊಸಬರಿಗಿಂತ ಕಷ್ಟವಂತೆ. ಗಾಬರಿಯಾದಾಗ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಭಾರವು ಕೆಳಗೆ ತೂಗುತ್ತಿರುವ ತನಕ ಮಾತ್ರ ಈ ಲಗಾಮು ನಡೆಯುತ್ತದೆ ಎಂಬುದನ್ನು ಮರೆಯಬಾರದು. ಮೂತಿಯನ್ನು ವಿಪರೀತ ಎತ್ತಿ, ಒಮ್ಮೆಲೆ ವೇಗ ಕಳೆದುಕೊಂಡರೆ ಬಂಡಿಯ ತೂಕವೇ ಇಲ್ಲದಂತಾಗಿ ಸಲಾಕೆ ಕೆಲಸಕ್ಕೆ ಬಾರದು. ಯಂತ್ರ ಪಲ್ಟಿ ಹೊಡೆಯಬಹುದು, ಪಲ್ಟಿ ಹೊಡೆದ ಟ್ರೈಕು ನೆಟ್ಟಗಾಗುವುದು ತೀರ ಅಪರೂಪ. ಅದಕ್ಕೇ ಇದರಲ್ಲಿ ಲಾಗ ಹಾಕುವ ಸಾಹಸಕ್ಕೆ ನಿಷೇಧ. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಕುದಿಯುವುದರಿಂದ ಹವ್ಯಾಸಿಗಳು ಬೆಳಗಿನ ಹೊತ್ತು ಇಲ್ಲವೆ ಸಂಜೆಯ ತಂಪಿನಲ್ಲಿ ಹಾರುತ್ತಾರೆ.

ಇನ್ನು ಬಟ್ಟೆಯ ಮಾತು. ಇದು ನಮ್ಮ ಗಿರಣಿಯವರಿಗೆ ಹತ್ತಿರದ ವಿಷಯವಾದ್ದರಿಂದ ಎರಡು ಮಾತು ಹೆಚ್ಚಾದರೆ ವಾಚಕರು ಕ್ಷಮಿಸಬೇಕು. ರೆಕ್ಕೆಯ ಬಟ್ಟೆ ಬೇರೇನೂ ಅಲ್ಲ, ನಮ್ಮ ಟೆರಿಕಾಟ್ ಷರಟಿನಲ್ಲಿ ಹತ್ತಿಯೊಡನೆ ಬೆರೆಯುವ ಪಾಲಿಯೆಸ್ಟರೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಈ ನೂಲು ಟೆರಿಲೀನ್ ಎಂದೂ ಅಮೆರಿಕದಲ್ಲಿ ಡೆಕ್ರಾನ್ ಎಂದೂ ಹೆಸರಾಯಿತು. ನೀರಿಗೆ ಹೆದರುವುದಿಲ್ಲ, ಎಳೆದರೆ ಜಗ್ಗುವುದಿಲ್ಲ. ಅದರ ಶತ್ರು ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ನೂಲನ್ನು ಒಳಗೊಳಗೇ ತಿನ್ನುತ್ತವೆ. ಬಣ್ಣ ಹೊಳೆಯುತ್ತಲೇ ಇರಬಹುದು, ಕಸುವು ಹೋಗಿರುತ್ತದೆ. ಹೊಲಿಗೆಯ ದಾರ ಬಟ್ಟೆಯ ಮೇಲೆದ್ದು ನಿಂತಿರುವುದರಿಂದ ಕೆಲವೊಮ್ಮೆ ಬಟ್ಟೆಗಿಂತ ಮೊದಲು ಅದೇ ಸಾಯುತ್ತದೆ.

ಕಣ್ಣಿಗೆ ಕಾಣದ ಈ ದೋಷವನ್ನು ಹಿಡಿಯುವ ಸಾಧನ ಬಹಳ ಸರಳ: ತುದಿಯಲ್ಲಿ ಸೂಜಿಯಿರುವ ಒಂದು ಸ್ಪ್ರಿಂಗ್ ತಕ್ಕಡಿ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಗೊತ್ತಾದ ತೂಕದವರೆಗೆ ಎಳೆಯಬೇಕು. ಬ್ರಿಟನ್ನಿನಲ್ಲಿ ಹಲವು ರೆಕ್ಕೆಗಳಿಗೆ ಇದು 1,360 ಗ್ರಾಂ. ತೂತು ತೂತಾಗಿಯೇ ಉಳಿದರೆ ಬಟ್ಟೆ ಪಾಸು. ಹರಿದುಕೊಂಡು ಹೋಯಿತೋ, ರೆಕ್ಕೆ ಎಷ್ಟೇ ಚೆಂದವಾಗಿದ್ದರೂ ಅದನ್ನು ಕೆಳಗಿಳಿಸಬೇಕು. ಗಿರಣಿಯಲ್ಲಿ ಥಾನು ಫೇಲಾದರೆ ನಷ್ಟ ರೂಪಾಯಿಯದು; ಇಲ್ಲಿ ಅದೇ ಬಟ್ಟೆಗೆ ಇಬ್ಬರು ಜೋತುಬಿದ್ದಿರುತ್ತಾರೆ. ಹೊಸ ಬಟ್ಟೆ ದುಬಾರಿಯೆಂದು ಈ ಪರೀಕ್ಷೆಯನ್ನು ಮುಂದೂಡುವವರನ್ನು ನಾವು ಧೈರ್ಯಶಾಲಿಗಳೆಂದು ಕರೆಯಲಾರೆವು.

ಬಟ್ಟೆಯೊಳಗೆ ತೂರಿಸುವ ಅಲ್ಯೂಮಿನಿಯಂ ಪಟ್ಟಿಗಳಿಗೆ ತಯಾರಕರು ಕಾಗದದ ಮೇಲೆ ನಕ್ಷೆ ಕೊಟ್ಟಿರುತ್ತಾರೆ. ಪಟ್ಟಿಯನ್ನು ಅದರ ಮೇಲಿಟ್ಟು ಬಾಗು ತಾಳೆ ನೋಡಬೇಕು. ಎಡಬಲ ಹೊಂದದಿದ್ದರೆ ಯಂತ್ರ ಒಂದೇ ಕಡೆಗೆ ಎಳೆಯುತ್ತದೆ. ತಂತಿಹಗ್ಗದ ಒಂದೆಳೆ ತುಂಡಾಗಿದ್ದರೂ ಹಗ್ಗವನ್ನೇ ಬದಲಿಸುವುದು. ತೂಗುಬೋಲ್ಟನ್ನು, ಸವೆಯದಿದ್ದರೂ, ಗೊತ್ತಾದ ಗಂಟೆಗಳ ಬಳಿಕ ತೆಗೆದುಹಾಕುವುದು.

ಎಂಜಿನ್ನು ಹಲವು ಟ್ರೈಕುಗಳಲ್ಲಿ ಆಸ್ಟ್ರಿಯದ ರೋಟಾಕ್ಸ್ 582. ಹಳೆಯ ಬಜಾಜ್, ಲ್ಯಾಂಬ್ರೆಟ್ಟಾ ಸ್ಕೂಟರು ಇಟ್ಟವರಿಗೆ ಇದರ ಸ್ವಭಾವ ಗೊತ್ತು. ಎರಡು ಸಿಲಿಂಡರು, ಸುಮಾರು 65 ಅಶ್ವಶಕ್ತಿ, ಟೂ-ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವುದಾದರೆ ಐವತ್ತಕ್ಕೆ ಒಂದು ಪಾಲು, ಅಂದರೆ 20 ಲೀಟರಿಗೆ 400 ಮಿಲಿಲೀಟರು. ಎಣ್ಣೆ ಮರೆತರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ ಸರಿಯಿದ್ದರೂ, ಎಂಜಿನ್ನು ಕಾಯುವ ಮೊದಲೇ ಪೂರ್ತಿ ವೇಗ ಕೊಟ್ಟರೆ ಅದೇ ಗತಿ: ಪಿಸ್ಟನ್ನು ಬೇಗ ಹಿಗ್ಗುತ್ತದೆ, ಸುತ್ತಲಿನ ಸಿಲಿಂಡರು ಇನ್ನೂ ತಣ್ಣಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲು ನೀರನ್ನು ಎಳೆದುಕೊಳ್ಳುವುದರಿಂದ ಹಳೆಯ ಪೆಟ್ರೋಲನ್ನು ಟಾಂಕಿಯಲ್ಲಿ ಬಿಡಬಾರದು. 300 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ದುರಸ್ತಿ ಮಾಡಿಸಬೇಕು.

ಇಷ್ಟೆಲ್ಲ ಮಾಡಿದರೂ ಎಂಜಿನ್ನು ನಿಂತುಹೋಗಬಹುದೆಂದು ತಯಾರಕರೇ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ನಿಂತರೆ ಟ್ರೈಕು ಕಲ್ಲಿನಂತೆ ಬೀಳುವುದಿಲ್ಲ. ಗಾಳಿಯಲ್ಲಿ ಜಾರುತ್ತ ಇಳಿಯುತ್ತದೆ. ಆದರೆ ಇಳಿಯಲು ಬಯಲು ಬೇಕಲ್ಲ! ಬಲ್ಲ ಚಾಲಕ ಹಾರುವಷ್ಟು ಹೊತ್ತೂ ಕೆಳಗೊಂದು ಬಯಲನ್ನು ಕಣ್ಣಲ್ಲಿ ಕಾದಿಟ್ಟುಕೊಂಡಿರುತ್ತಾನೆ. ನಮ್ಮ ಸದಸ್ಯರ ಪ್ರಶ್ನೆಗೆ ಅರ್ಧ ಉತ್ತರ ಇದೇ.

ನಮ್ಮ ದೇಶದಲ್ಲಿ ಇಂಥವು ಮೈಕ್ರೋಲೈಟ್ ವರ್ಗಕ್ಕೆ ಸೇರುತ್ತವೆ. ಇಬ್ಬರು ಕೂಡುವಂಥದಕ್ಕೆ ಒಟ್ಟು ಭಾರ 450 ಕಿಲೋ ಮೀರಕೂಡದು. ನೋಂದಣಿಯೂ ಚಾಲಕನಿಗೆ ಲೈಸೆನ್ಸೂ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಮೈಕ್ರೋಲೈಟುಗಳು ಹಾರಿದ್ದನ್ನು ಊರಿಗೆ ಹೋಗಿಬಂದ ಕೆಲವರು ಕಂಡಿರಲೂಬಹುದು. ರೇಮಂಡ್ ಗಿರಣಿಯ ಒಡೆಯರಾಗಿದ್ದ ವಿಜಯಪತ್ ಸಿಂಘಾನಿಯಾ 1988ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಮೈಕ್ರೋಲೈಟಿನಲ್ಲೇ ಒಬ್ಬರೇ ಹಾರಿಬಂದರು. ಒಡೆಯರಿಗೆ ಸರಿ, ಗುಮಾಸ್ತರಿಗೇನು ಎಂದು ಕೇಳುವಿರಿ. ಬ್ರಿಟನ್ನಿನಲ್ಲಿ ಸಾಧಾರಣ ಸಂಬಳದವರು ನಾಲ್ಕೈದು ಮಂದಿ ಪಾಲು ಹಾಕಿ ಒಂದು ಟ್ರೈಕು ಕೊಂಡು ಸರದಿಯಂತೆ ಹಾರಿಸುವ ರೂಢಿಯುಂಟು. ವರ್ಷಕ್ಕೊಮ್ಮೆ ತಜ್ಞರಿಂದ ತಪಾಸಣೆಯಾಗಬೇಕು. ಎಂಜಿನ್ನು ಓಡಿದ ಗಂಟೆ, ಬದಲಿಸಿದ ಬೋಲ್ಟು, ಎಲ್ಲಕ್ಕೂ ಖಾತೆಪುಸ್ತಕವುಂಟು. ಪಾಲುದಾರರಲ್ಲಿ ಒಬ್ಬ ಬರೆಯದೆ ಬಿಟ್ಟ ಅರ್ಧ ಗಂಟೆ ಇನ್ನೊಬ್ಬನ ತಲೆಯ ಮೇಲೆ ಬರುವುದರಿಂದ, ಲೆಕ್ಕದಲ್ಲಿ ಸಡಿಲವಾದವನನ್ನು ಪಾಲಿಗೆ ಸೇರಿಸಿಕೊಳ್ಳದಿರುವುದೇ ಲೇಸು.

ಹಾರಾಟ ಮುಗಿದ ಮೇಲೆ ರೆಕ್ಕೆಯನ್ನು ಒಣಗಿಸಿ, ಮಡಿಸಿ, ಉದ್ದನೆಯ ಚೀಲಕ್ಕೆ ಹಾಕಿ ನೆರಳಿನಲ್ಲಿಡುತ್ತಾರೆ. ಬಹುಕಾಲ ಇಟ್ಟಿದ್ದನ್ನು ಬಿಚ್ಚುವಾಗ ಮೊದಲು ನೋಡಬೇಕಾದದ್ದು ಇಲಿ ಕಡಿದಿದೆಯೇ ಎಂದು. ಗೋದಾಮಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.