ಬಿಸಿಲುಂಡ ಬಾಗಿಲಿಗೆ ಮರುಬಣ್ಣ

ಹೊರಬಾಗಿಲಿನ ಬಣ್ಣ ಮೇಲಿನಿಂದ ಸವೆದು ಹೋಗುವುದು ಕಡಿಮೆ. ಹೆಚ್ಚಾಗಿ ಅದು ಕೆಳಗಿನ ಹಿಡಿತ ತಪ್ಪಿ ಹಕ್ಕಳೆಯಾಗಿ ಏಳುತ್ತದೆ. ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಉಳಿದಿರುವ ಸಾಗವಾನಿ ತಲಬಾಗಿಲುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಹಣೆಪಟ್ಟಿಯ ಕೆತ್ತನೆಯ ಸಂದಿಯಲ್ಲಿ ಎಷ್ಟೋ ವರ್ಷದ ಹಿಂದಿನ ಹಸಿರು ಆಯಿಲ್ ಪೇಂಟ್ ಗಟ್ಟಿಯಾಗಿಯೇ ಇರುತ್ತದೆ. ಅದೇ ಡಬ್ಬಿಯ ಅದೇ ಬಣ್ಣ ಕದದ ಕೆಳಗಿನ ಒಂದು ಮೊಳದಲ್ಲಿ ಉಗುರು ತಾಗಿಸಿದರೆ ಸಾಕು, ಉದುರುತ್ತದೆ. ಬಣ್ಣವನ್ನೋ ಬಣ್ಣ ಹಚ್ಚಿದವನನ್ನೋ ಬೈಯುವ ಮೊದಲು ಮರದೊಳಗೆ ಏನಾಗಿದೆ ಎಂದು ನೋಡಬೇಕು.

ಮರವೆಂದರೆ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟ ವಸ್ತು. ಬಿಸಿಲಿನ ಅತಿನೇರಳೆ ಕಿರಣಗಳು ಸೆಲ್ಯುಲೋಸನ್ನು ಅಷ್ಟಾಗಿ ಬಾಧಿಸುವುದಿಲ್ಲ, ಲಿಗ್ನಿನ್ ಮಾತ್ರ ಅವನ್ನು ಹೀರಿಕೊಂಡು ಒಡೆಯುತ್ತದೆ. ಈ ಕಿರಣಗಳು ಮರದೊಳಗೆ ಇಳಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಆದರೆ ಬಣ್ಣ ಕಚ್ಚಿಕೊಳ್ಳಬೇಕಾದದ್ದೂ ಅಷ್ಟೇ ತೆಳುವಾದ ಆ ಪದರವನ್ನೇ. ಒಡೆದ ಲಿಗ್ನಿನ್ ಮಳೆಯಲ್ಲಿ ತೊಳೆದು ಹೋದ ಮೇಲೆ ಉಳಿಯುವುದು ಒಂದಕ್ಕೊಂದು ಅಂಟಿಲ್ಲದ ಬೂದುಬಣ್ಣದ ಎಳೆಗಳು. ಆ ಬೂದುಬಣ್ಣಕ್ಕೆ ಆರಿಯೊಬೇಸಿಡಿಯಂ ಪುಲ್ಯುಲನ್ಸ್ ಎಂಬ ಶಿಲೀಂಧ್ರದ ಕಪ್ಪು ಚುಕ್ಕೆಗಳೂ ಕಾರಣ. ಇಂಥ ಮರದ ಮೇಲೆ ನೇರವಾಗಿ ಬಣ್ಣ ಬಳಿಯುವುದು, ಸುಣ್ಣ ಉದುರುತ್ತಿರುವ ಗೋಡೆಗೆ ಕಾಗದ ಅಂಟಿಸಿದಂತೆ. ಅಂಟು ಎಷ್ಟೇ ಗಟ್ಟಿಯಿದ್ದರೂ ಕಾಗದ ಸುಣ್ಣವನ್ನು ಹೊತ್ತುಕೊಂಡೇ ಕೆಳಗೆ ಬರುತ್ತದೆ. ಹೊಸದಾಗಿ ಹೆರೆದ ಹಲಗೆಯನ್ನು ಬಣ್ಣವಿಲ್ಲದೆ ಕೆಲವೇ ವಾರ ಬಿಸಿಲಿನಲ್ಲಿಟ್ಟರೂ ಅದರ ಮೇಲೆ ಬಣ್ಣದ ಹಿಡಿತ ಗಣನೀಯವಾಗಿ ಕುಗ್ಗುತ್ತದೆ. ಗೃಹಪ್ರವೇಶದ ಗಡಿಬಿಡಿಯಲ್ಲಿ ಬಾಗಿಲು ನಿಲ್ಲಿಸಿ, ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡುವವರು ಇದನ್ನು ಗಮನಿಸಬೇಕು.

ಬೂದುಬಣ್ಣಕ್ಕೆ ತಿರುಗಿದ ಮರವೆಲ್ಲ ಕೊಳೆತ ಮರವಲ್ಲ. ಬರೀ ಬಿಸಿಲು ಮಳೆಗೆ ಮರ ಸವೆಯುವ ವೇಗ ಬಹಳ ನಿಧಾನ. ಗಟ್ಟಿ ಜಾತಿಯ ಮರದಲ್ಲಿ ನೂರು ವರ್ಷಕ್ಕೆ ಸುಮಾರು 3 ಮಿಲಿಮೀಟರ್, ಮೆದು ಜಾತಿಯಲ್ಲಿ 6 ಮಿಲಿಮೀಟರ್. ಚಾಕುವಿನ ತುದಿಯನ್ನು ಎಳೆಗೆ ಅಡ್ಡಲಾಗಿ ಚುಚ್ಚಿ ಮೀಟಿದಾಗ ಉದ್ದನೆಯ ಸಿಬಿರು ಎದ್ದರೆ ಮರ ಗಟ್ಟಿ ಇದೆ ಎಂದರ್ಥ. ಪುಡಿಪುಡಿಯಾಗಿ ಮುರಿದರೆ ಅಲ್ಲಿ ಕೊಳೆರೋಗ ಹೊಕ್ಕಿದೆ. ಆ ಭಾಗವನ್ನು ಬಡಿಗೇರರು ಕತ್ತರಿಸಿ ಹೊಸ ತುಂಡು ಕೂಡಿಸಬೇಕೇ ಹೊರತು ಬಣ್ಣದಿಂದ ಅದು ರಿಪೇರಿಯಾಗುವುದಿಲ್ಲ.

ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನಡುವಿನ ತಿಂಗಳುಗಳಲ್ಲಿ ತುಸು ಉತ್ತರಕ್ಕೇ ಸರಿದಿರುತ್ತಾನೆ. ಹಾಗಾಗಿ ಬೇಸಿಗೆಯ ನಡುಹಗಲಿನಲ್ಲಿ ನೆಟ್ಟಗೆ ನಿಂತ ಬಾಗಿಲಿಗಿಂತ ಮಲಗಿದ ಹಲಗೆಗೆ ಬಿಸಿಲು ಹೆಚ್ಚು: ಚಕ್ಕಡಿಯ ತಳಹಲಗೆ, ಕಟ್ಟೆಯ ಮೇಲಿನ ಬಾಕು, ಕಿಟಕಿಯ ಕೆಳಪಟ್ಟಿ. ಬಾಗಿಲುಗಳಲ್ಲಿ ಪಡುವಣಕ್ಕೆ ಮುಖ ಮಾಡಿದವು ಬೇಗ ಕೆಡುತ್ತವೆ. ಸಂಜೆಯ ಓರೆ ಬಿಸಿಲು ಅವುಗಳ ಮೈಗೆ ನೇರ ಬೀಳುತ್ತದೆ, ಮುಂಗಾರಿನಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ನೈರುತ್ಯದ ಗಾಳಿ ಮಳೆಹನಿಯನ್ನೂ ಎರಿಮಣ್ಣಿನ ಧೂಳನ್ನೂ ತಂದು ಅವಕ್ಕೇ ಎರಚುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಗದುಗಿನ ತೋಂಟದಾರ್ಯ ಮಠದ ಜಾತ್ರೆಗಳಲ್ಲಿ ತೇರು ಎಳೆಯುತ್ತಾರೆ. ಜಾತ್ರೆ ಮುಗಿದ ಮೇಲೆ ಸೂರಿನಡಿ ನಿಲ್ಲುವ ತೇರಿಗೆ ಬಣ್ಣ ಬಹುಕಾಲ ಬಾಳುತ್ತದೆ, ಅಂಗಳದ ಬಯಲಲ್ಲೇ ನಿಲ್ಲುವ ಚಕ್ಕಡಿಗೆ ಬಾಳುವುದಿಲ್ಲ.

ಬಿಸಿಲು ಹಿಡಿತವನ್ನು ಸಡಿಲಿಸಿದರೆ ಕೀಳುವ ಕೆಲಸ ನೀರಿನದು. ಒಣಗಿದ ಮರವೂ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 25ಕ್ಕೆ ಇಳಿಯುವ ಬೇಸಿಗೆಯಲ್ಲಿ ಮರದ ತೇವಾಂಶ ಅದರ ಒಣತೂಕದ ಶೇಕಡಾ 5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಶೇಕಡಾ 80 ಆರ್ದ್ರತೆಯ ಮಳೆಗಾಲದಲ್ಲಿ 15-16ಕ್ಕೆ ಏರುತ್ತದೆ. ಅಗಲದಲ್ಲಿ ಮರ ಹಿಗ್ಗಿ ಕುಗ್ಗುವುದು ಇದರಿಂದಲೇ. ಸಾಗವಾನಿ ಬಹಳ ಸ್ಥಿರವಾದ ಮರವೆಂದು ಹೆಸರಾದರೂ 20 ಸೆಂಟಿಮೀಟರ್ ಅಗಲದ ಹಲಗೆ ಈ ಎರಡು ಋತುಗಳ ನಡುವೆ 3ರಿಂದ 4 ಮಿಲಿಮೀಟರ್‌ವರೆಗೆ ಹಿಗ್ಗಬಲ್ಲದು. ಹೊಸ ಬಣ್ಣಕ್ಕೆ ಇಷ್ಟು ಎಳೆತವನ್ನು ತಡೆಯುವಷ್ಟು ಮೆದುತನವಿರುತ್ತದೆ. ಆದರೆ ಎನಾಮಲ್ ಬಣ್ಣ ಒಣಗುವುದೆಂದರೆ ಅದರೊಳಗಿನ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಬಲೆಯಂತೆ ಹೆಣೆದುಕೊಳ್ಳುವುದು. ಆ ಹೆಣಿಗೆ ಒಣಗಿದ ಮೇಲೂ ವರ್ಷಗಟ್ಟಲೆ ಮುಂದುವರಿಯುತ್ತದೆ, ಪದರ ಬಿರುಸಾಗುತ್ತ ಹೋಗುತ್ತದೆ. ಮದುವೆ ಬಂದಾಗಲೆಲ್ಲ ಹಳೆಯದರ ಮೇಲೆ ಒಂದೊಂದು ಕೈ ಬಳಿದ ಬಾಗಿಲಲ್ಲಿ ದಪ್ಪನೆಯ ಬಿರುಸು ಚಿಪ್ಪೇ ಕಟ್ಟಿರುತ್ತದೆ. ಮರ ಹಿಗ್ಗಿದಾಗ ಚಿಪ್ಪು ಸೀಳುತ್ತದೆ, ಸೀಳಿನಿಂದ ನೀರು ಇಳಿಯುತ್ತದೆ, ಇಳಿದ ನೀರಿಗೆ ಹೊರಬರಲು ದಾರಿ ಸಿಗದೆ ಅದು ಬಣ್ಣವನ್ನೇ ಎತ್ತುತ್ತದೆ.

ಮರದ ಮೈಯಲ್ಲಿ ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಬದುಕಿದ್ದಾಗ ಬೇರಿನಿಂದ ನೀರನ್ನು ಮೇಲೇರಿಸುತ್ತಿದ್ದ ಕೊಳವೆಗಳು ಹಲಗೆಯ ಉದ್ದಕ್ಕೂ ಇರುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಕದದ ತಳ, ಚೌಕಟ್ಟಿನ ಕಾಲು ಇಂಥ ತುದಿಗಳೇ. ಬಣ್ಣದವರು ಕದವನ್ನು ಕಳಚದೆ ಹಚ್ಚುವುದರಿಂದ ಅದರ ತಳ ಬಣ್ಣವನ್ನೇ ಕಂಡಿರುವುದಿಲ್ಲ. ಜೊತೆಗೆ ದಿನ ಬೆಳಗಾದರೆ ಹೊಸ್ತಿಲು ತೊಳೆಯುವ ಪದ್ಧತಿ ಬೇರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ನಾಡಿನಲ್ಲಿ ಬಾಗಿಲಿನ ಕಾಲಿಗೆ ಮಳೆಗಿಂತ ತಂಬಿಗೆಯ ನೀರೇ ಹೆಚ್ಚು. ಕೆಳಗಿನ ಒಂದು ಮೊಳದ ಬಣ್ಣ ಮೊದಲು ಹೋಗುವುದರ ಗುಟ್ಟು ಇದು.

ಮರುಬಣ್ಣದ ಕೆಲಸ ಶುರುವಾಗಬೇಕಾದದ್ದು ಉದುರಿದ ಒಂದು ಹಕ್ಕಳೆಯನ್ನು ಅಂಗೈಯಲ್ಲಿ ಮಗುಚಿ ನೋಡುವುದರಿಂದ. ಹಿಂಬದಿಗೆ ಬೂದುಬಣ್ಣದ ನಾರು ಅಂಟಿ ಬಂದಿದ್ದರೆ ಹಿಂದಿನ ಸಲ ಬಿಸಿಲಿಗೆ ಸತ್ತ ಮರದ ಮೇಲೆಯೇ ಬಣ್ಣ ಹಚ್ಚಿದ್ದಾರೆ. ಹಿಂಬದಿಯೂ ಬಣ್ಣವೇ ಆಗಿದ್ದು ನುಣ್ಣಗಿದ್ದರೆ ಹಳೆಯ ಹೊಳಪನ್ನು ಉಜ್ಜದೆ ಮೇಲೆ ಬಳಿದದ್ದರ ಫಲ. ಬರಿ ಮರದವರೆಗೂ ಚೊಕ್ಕಟವಾಗಿ ಬಿಟ್ಟು, ಅಡಿಯಲ್ಲಿ ಮರ ಹೊಸದರಂತೆ ಕಂದಾಗಿಯೇ ಇದ್ದರೆ ನೀರು ಒಳಗಿನಿಂದ ತಳ್ಳಿದೆ; ಅಂಥಲ್ಲಿ ನೀರಿನ ದಾರಿ ಮುಚ್ಚದೆ ಎಷ್ಟು ಬಣ್ಣ ಹಚ್ಚಿದರೂ ದಂಡ. ಗಟ್ಟಿಯಾಗಿ ಕಾಣುವ ಕಡೆಯೂ ಬ್ಲೇಡಿನಿಂದ ಅಡ್ಡ ಉದ್ದ ಎರಡು ಗೆರೆ ಕೊಯ್ದು, ಅಂಟುಪಟ್ಟಿ ಒತ್ತಿ, ಸರ್ರನೆ ಕಿತ್ತು ನೋಡಬೇಕು. ಪಟ್ಟಿಗೆ ಬಣ್ಣ ಬಂದರೆ ಅದನ್ನೂ ತೆಗೆಯಬೇಕು. ಬಾರದಿದ್ದರೆ ತೆಗೆಯುವ ಅಗತ್ಯವಿಲ್ಲ, ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು.

ಹಳೆಯ ಬಣ್ಣ ತೆಗೆಯುವ ಮುನ್ನ ಸೀಸದ ಮಾತು ಬರುತ್ತದೆ. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿತು, ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಎನಾಮಲ್‌ಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಮತ್ತು ಹಳದಿ ಬೆರೆಸಿ ಮಾಡಿದ ಹಸಿರುಗಳಲ್ಲಿ ಸೀಸ ಹೆಚ್ಚಾಗಿ ಇರುವ ಸಂಭವವಿದೆ. ಒಣಗಿದ ಬಣ್ಣವನ್ನು ಮಶಿನ್ ಹಿಡಿದು ಉಜ್ಜಿದರೆ ಆ ಸೀಸವೆಲ್ಲ ಧೂಳಾಗಿ ಪಡಸಾಲೆ ಸೇರುತ್ತದೆ, ಅಲ್ಲಿ ಅಂಬೆಗಾಲಿಡುವ ಕೂಸಿನ ಬಾಯಿಗೂ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿಯೇ ಹೆರೆಯಬೇಕು. ಕೆಳಗೆ ಹಳೆಯ ತಾಡಪತ್ರಿ ಹಾಸಿ ಹಕ್ಕಳೆಯನ್ನೆಲ್ಲ ಒಟ್ಟುಮಾಡಿ ಕಟ್ಟಬೇಕು. ತಿಪ್ಪೆಗಂತೂ ಹಾಕಬಾರದು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವಂಥದ್ದು. ಬೆಂಕಿಯ ಜ್ವಾಲೆ ಹಿಡಿದು ಬಣ್ಣ ಸುಡುವುದಂತೂ ಇನ್ನೂ ಕೆಟ್ಟದ್ದು: ಸೀಸ ಹೊಗೆಯಾಗಿ ಏಳುತ್ತದೆ, ಜಂತಿಗೆ ಕಿಡಿ ಹತ್ತುವ ಭಯವೂ ಇದೆ.

ಕಾಸ್ಟಿಕ್ ಸೋಡಾ ಬಳಿದು ಬಣ್ಣ ಕೀಳುವ ರೂಢಿ ಬಹಳ ಕಡೆ ಇದೆ. ಬಣ್ಣವೇನೋ ಬೆಣ್ಣೆಯಾಗಿ ಬರುತ್ತದೆ. ಆದರೆ ಸೋಡಾ ಮರದ ಎಳೆಯನ್ನೂ ತಿನ್ನುತ್ತದೆ, ಮೈ ಕಪ್ಪಾಗಿಸುತ್ತದೆ. ಸಂದಿಯಲ್ಲಿ ಉಳಿದ ಕ್ಷಾರ ಮುಂದೆ ಹಚ್ಚುವ ಎಣ್ಣೆಬಣ್ಣವನ್ನು ಸಾಬೂನಾಗಿಸಿ ಮತ್ತೆ ಸುಲಿಸುತ್ತದೆ. ಕೆತ್ತನೆಯಿರುವ ಹಳೆಯ ಬಾಗಿಲಿಗೆ ಅದನ್ನು ಮುಟ್ಟಿಸದಿರುವುದೇ ಲೇಸು. ಉಪಯೋಗಿಸಿಯೇ ಆಗಿದ್ದರೆ ನೀರಿನಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರು ಬಳಿದು, ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಬೇಕು. ಬಡಿಗೇರರು ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆಯುತ್ತಾರಲ್ಲ, ನಿಧಾನವಾದರೂ ಅದು ಎಳೆಯನ್ನು ಕೆಡಿಸದ ಚೊಕ್ಕ ಕೆಲಸ.

ಹೆರೆದ ಮೇಲೆ 80 ನಂಬರಿನ, ಆಮೇಲೆ 120ರ ಪಾಲಿಶ್ ಪೇಪರಿನಲ್ಲಿ ಎಳೆಯ ಉದ್ದಕ್ಕೆ ಉಜ್ಜಬೇಕು. ಬೂದು ಹೋಗಿ ಮರದ ನಿಜವಾದ ಬಣ್ಣ ಕಾಣುವವರೆಗೂ ಬಿಡಬಾರದು. ಇಡೀ ಕೆಲಸದ ಆಯುಷ್ಯ ನಿಂತಿರುವುದು ಈ ಬೇಸರದ ಹಂತದ ಮೇಲೆ. ಮೊಳೆ, ಚಿಲಕ, ಬಳೆಗಳ ಸುತ್ತ ಕಾಣುವ ನೀಲಿಗಪ್ಪು ಕಲೆ ಕಬ್ಬಿಣವೂ ಮರದ ಟ್ಯಾನಿನ್ನೂ ಸೇರಿ ಆದದ್ದು, ಅದು ಉಜ್ಜಿದರೆ ಹೋಗುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಬಳಿದರೆ ತಿಳಿಯಾಗುತ್ತದೆ. ಈ ಆಮ್ಲ ವಿಷ. ಪ್ಲಾಸ್ಟಿಕ್ ಪಾತ್ರೆ, ಕೈಗವಸು ಬೇಕು, ಕೊನೆಗೆ ಚೆನ್ನಾಗಿ ತೊಳೆಯಬೇಕು.

ಮುಂದಿನದು ಎಣ್ಣೆ. ಎಲ್ಲ ಎಣ್ಣೆಯೂ ಒಣಗುವುದಿಲ್ಲ. ಶೇಂಗಾ ಎಣ್ಣೆ, ಔಡಲೆಣ್ಣೆ, ಬೇವಿನೆಣ್ಣೆ ಮರದ ಮೇಲೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತವೆ, ಅವುಗಳ ಮೇಲೆ ಬಣ್ಣವೂ ನಿಲ್ಲದು. ಒಣಗುವ ಎಣ್ಣೆಗಳು ಈ ಎರಿಹೊಲಗಳಲ್ಲೇ ಹಿಂಗಾರಿಯಲ್ಲಿ ಬೆಳೆಯುತ್ತವೆ: ಅಗಸಿ ಮತ್ತು ಕುಸುಬಿ. ಅಗಸಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಿನೊಲೆನಿಕ್ ಆಮ್ಲ. ಅದರ ಪ್ರತಿ ಅಣುವಿನಲ್ಲಿ ಮೂರು ಕಡೆ ಆಮ್ಲಜನಕಕ್ಕೆ ದಾರಿಯಿದೆ, ಆದ್ದರಿಂದ ಅದು ಬೇಗ ಗಟ್ಟಿಯಾಗುತ್ತದೆ. ಕುಸುಬಿಯಲ್ಲಿ ಮುಕ್ಕಾಲು ಪಾಲು ಲಿನೊಲಿಕ್. ನಿಧಾನವಾಗಿ ಒಣಗಿದರೂ ಹಳದಿಗೆ ತಿರುಗುವುದು ಕಡಿಮೆ. ಗಾಣದ ಹಸಿ ಅಗಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಬಣ್ಣದ ಅಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆಗೆ ಬೇಗ ಒಣಗಿಸುವ ಲೋಹದ ಲವಣ ಸೇರಿರುತ್ತದೆ, ಅದನ್ನು ಅಡುಗೆಮನೆಗೆ ಒಯ್ಯಬಾರದು. ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿದ ಎಣ್ಣೆಯನ್ನು ಕದ ಕಳಚಿ ಅದರ ತಳಕ್ಕೆ, ಚೌಕಟ್ಟಿನ ಕಾಲಿಗೆ, ಕೂಡುವ ಸಂದಿಗೆ ಕುಡಿದಷ್ಟೂ ಕುಡಿಸಬೇಕು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ಹುಟ್ಟುವ ಕಾವಿಗೆ ತಾನೇ ಹೊತ್ತಿಕೊಳ್ಳುತ್ತದೆ. ಅದನ್ನು ನೀರಲ್ಲಿ ಅದ್ದಿ, ಬಿಚ್ಚಿ ಹರವಬೇಕು.

ಎಣ್ಣೆ ಪೂರ್ತಿ ಒಣಗಿದ ಮೇಲೆ ಗುಲಾಬಿ ಇಲ್ಲವೆ ಬಿಳಿ ವುಡ್ ಪ್ರೈಮರ್ ಒಂದು ಕೈ, ಅದರ ಮೇಲೆ ತೆಳುವಾಗಿ ಎರಡು ಕೈ ಬಣ್ಣ. ಒಂದೇ ದಪ್ಪ ಕೈಯಲ್ಲಿ ಮುಗಿಸಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಎಳೆ ಕಾಣಬೇಕೆಂಬ ಆಸೆಗೆ ಪಾರದರ್ಶಕ ವಾರ್ನಿಶ್ ಹಚ್ಚುವವರೂ ಇದ್ದಾರೆ. ಅತಿನೇರಳೆ ಕಿರಣ ಅದರ ಮೂಲಕ ದಾಟಿ ಅಡಿಯ ಲಿಗ್ನಿನ್ ಒಡೆಯುವುದರಿಂದ, ಪಡುವಣ ಬಾಗಿಲಿನಲ್ಲಿ ಒಂದೆರಡು ವರ್ಷದಲ್ಲೇ ಅದು ಹಾಳೆಯಾಗಿ ಏಳುತ್ತದೆ. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ನೀರು ಬಿದ್ದರೆ ಬೆಳ್ಳಗಾಗುತ್ತದೆ, ಅದು ಒಳಮನೆಗಷ್ಟೇ. ಎಳೆಯೂ ಕಾಣಬೇಕು, ಸುಲಿಯಲೂಬಾರದು ಎಂದರೆ ವರ್ಣಕಣ ಬೆರೆತ ಎಣ್ಣೆಯ ವುಡ್ ಸ್ಟೇನ್ ಒಳ್ಳೆಯದು. ಅದು ಮೇಲೆ ಪೊರೆ ಕಟ್ಟದೆ ಮರದೊಳಗೆ ಇಳಿಯುತ್ತದೆ, ಸವೆಯುತ್ತದೆಯೇ ಹೊರತು ಸುಲಿಯುವುದಿಲ್ಲ. ಮೂರು ವರ್ಷದೊಳಗೆ ಮತ್ತೊಂದು ಕೈ ಬೇಕಾಗುತ್ತದೆ, ಆದರೆ ಆಗ ಹೆರೆಯುವ ಕೆಲಸವಿಲ್ಲ. ಸದಾ ಉಜ್ಜಾಟಕ್ಕೆ ಸಿಗುವ ಚಕ್ಕಡಿಯ ತಳಹಲಗೆಗೂ ಎನಾಮಲ್‌ಗಿಂತ ಎಣ್ಣೆಯೇ ಸರಿ. ಗಾಲಿಯ ಕಥೆ ಬೇರೆ: ಬೇಸಿಗೆಯಲ್ಲಿ ಮರ ಕುಗ್ಗಿ ಕಬ್ಬಿಣದ ಹಳಿ ಸಡಿಲಾದರೆ ರೈತರು ಗಾಲಿಯನ್ನು ನೀರಿಗಿಳಿಸಿ ಹಿಗ್ಗಿಸುತ್ತಾರೆ. ಗುಂಬಕ್ಕೂ ಕಾಲುಗಳ ತುದಿಗೂ ಎಣ್ಣೆ ಕುಡಿಸಿ ಬಣ್ಣ ಹಚ್ಚಿದ ಗಾಲಿ ಅಷ್ಟು ಬೇಗ ಕುಗ್ಗುವುದಿಲ್ಲ.

ಇನ್ನು ಕಾಲ. ದಸರಾ, ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡುವುದು ವಾಡಿಕೆ. ಗೋಡೆಯ ಸುಣ್ಣಕ್ಕೆ ಅದು ಅಡ್ಡಿಯಿಲ್ಲ. ಆದರೆ ಗದಗ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರಿನ ತಿಂಗಳುಗಳು. ಹಬ್ಬದ ಹೊತ್ತಿಗೆ ಬಾಗಿಲು ವರ್ಷದಲ್ಲೇ ಅತಿ ಹೆಚ್ಚು ತೇವ ಕುಡಿದು ಹಿಗ್ಗಿ ನಿಂತಿರುತ್ತದೆ. ಆಗ ಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು, ಬೇಸಿಗೆಯ ಕಾವಿಗೆ ಬೊಬ್ಬೆಯಾಗಿ ಏಳುತ್ತದೆ. ಏಪ್ರಿಲ್ ತಿಂಗಳ ಸುಡುವ ಕದಕ್ಕೆ ಹಚ್ಚಿದರೆ ಕುಂಚ ಎಳೆಯುವಷ್ಟರಲ್ಲಿ ಬಣ್ಣ ಬಿಗಿಯುತ್ತದೆ, ಮರದೊಳಗೆ ಇಳಿಯುವುದಿಲ್ಲ. ನವೆಂಬರ್ ಕೊನೆಯಿಂದ ಶಿವರಾತ್ರಿಯವರೆಗಿನ ತಣ್ಣನೆಯ ಒಣಹವೆ ಇದಕ್ಕೆ ತಕ್ಕ ಕಾಲ. ಆಗಲೂ ಮುಂಜಾನೆಯ ಇಬ್ಬನಿ ಆರಿದ ಮೇಲೆ ಶುರುಮಾಡಿ, ಬಿಸಿಲು ಬಾಗಿಲಿಗೆ ಬರುವ ಮೊದಲು ಕುಂಚ ತೊಳೆಯಬೇಕು. ಮೂಡಣ ಬಾಗಿಲಾದರೆ ಮಧ್ಯಾಹ್ನ, ಪಡುವಣ ಬಾಗಿಲಾದರೆ ಬೆಳಿಗ್ಗೆ. ಮುಂದಿನ ಮಳೆಗಾಲ ಕಳೆದ ಮೇಲೆ ಕದದ ತಳವನ್ನೂ ಚೌಕಟ್ಟಿನ ಕಾಲನ್ನೂ ಒಮ್ಮೆ ತಡವಿ, ಕೂದಲೆಳೆಯಷ್ಟು ಸೀಳು ಕಂಡಲ್ಲೆಲ್ಲ ಆ ಜಾಗಕ್ಕಷ್ಟೇ ಉಜ್ಜಿ ಎಣ್ಣೆ, ಪ್ರೈಮರ್, ಬಣ್ಣ ಮುಟ್ಟಿಸಿದರೆ ಇಡೀ ಬಾಗಿಲನ್ನು ಮತ್ತೆ ಹೆರೆಯುವ ಕೆಲಸ ಬಹಳ ವರ್ಷ ಮುಂದೆ ಹೋಗುತ್ತದೆ.