ಎತ್ತಿಗೆ ಜ್ವರ, ಪ್ಲಗ್‌ಗೆ ಬರೆ: ಟರ್ಬೊ ಕಾರುಗಳ ಕಿಡಿ ಮತ್ತೆ ಮತ್ತೆ ಆರುವುದೇಕೆ?

ಮೈಸೂರು: ಹೊರ ವರ್ತುಲ ರಸ್ತೆಯು ಹುಣಸೂರು ರಸ್ತೆಯನ್ನು ಸಂಧಿಸುವ ಹಿನಕಲ್‌ನಿಂದ ಕೊಡಗಿನತ್ತ ಹೊರಟ ಪೆಟ್ರೋಲ್ ಟರ್ಬೊ ಕಾರೊಂದನ್ನು ಊಹಿಸಿಕೊಳ್ಳಿ. ಕುಶಾಲನಗರದವರೆಗೆ ಸಲೀಸಾಗಿ ಸಾಗುವ ಕಾರು ಸುಂಟಿಕೊಪ್ಪದ ಏರಿನಲ್ಲಿ ಮುಗ್ಗರಿಸತೊಡಗುತ್ತದೆ, ಎಂಜಿನ್ ದೀಪ ಮಿನುಗುತ್ತದೆ. ಹಿಂದಿರುಗಿ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿದರೆ ಎಲ್ಲವೂ ಸರಿ. ಮೂರು ಸಾವಿರ ಕಿ.ಮೀ. ಕಳೆಯುವಷ್ಟರಲ್ಲಿ ಮತ್ತದೇ ಕಥೆ. ಹತ್ತಾರು ಸಾವಿರ ಕಿ.ಮೀ. ಬಾಳಬೇಕಾದ ಇರಿಡಿಯಮ್ ಪ್ಲಗ್ ಹೀಗೆ ಕೈಕೊಟ್ಟರೆ ಮಾಲೀಕ ಮೊದಲು ದೂರುವುದು ಪ್ಲಗ್ ಕಂಪನಿಯನ್ನು. ನಕಲಿ ಪ್ಲಗ್‌ಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಮೂರನೆಯ ಜೊತೆಯೂ ಹಾಳಾದ ಮೇಲೆ ದೋಷ ಬೇರೆಡೆ ಇದೆ ಎಂದೇ ತಿಳಿಯಬೇಕು.

ಪ್ಲಗ್ ತೊಂದರೆ ಮೈಸೂರಿಗೆ ಹೊಸದೇನಲ್ಲ. 1996ರಲ್ಲಿ ಬಾಗಿಲು ಮುಚ್ಚಿದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳನ್ನು ಓಡಿಸಿದವರು ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವುದನ್ನು ರಸ್ತೆಬದಿಯಲ್ಲೇ ಕಲಿತವರು. ಅಲ್ಲಿ ಕಾರಣ ಸರಳ. ಇಂಧನದೊಡನೆ ಉರಿಯುವ ಎಣ್ಣೆ ಮಸಿಯಾಗಿ ಕೂರುತ್ತಿತ್ತು. ಶಕ್ತಿ ಹೆಚ್ಚಿಸಲೆಂದು ಇಸಿಯು ತಂತ್ರಾಂಶವನ್ನು ತಿದ್ದಿಸಿಕೊಂಡ ಟರ್ಬೊ ಕಾರಿನಲ್ಲಿ ಕಾರಣಗಳು ಹಲವು, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಪ್ಲಗ್‌ನ ಕೆಲಸ ಕಿಡಿ ಹಾರಿಸುವುದಷ್ಟೇ ಅಲ್ಲ. ದಹನಕೋಣೆಯ ಬಿಸಿಯನ್ನು ತಾಳಿಕೊಂಡು, ಹೆಚ್ಚಾದುದನ್ನು ಸಿಲಿಂಡರ್ ಹೆಡ್‌ಗೆ ದಾಟಿಸುವುದೂ ಅದರ ಹೊಣೆ. ತುದಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. 850 ಡಿಗ್ರಿ ದಾಟಿ ಇನ್ನೂ ಏರಿದರೆ ಕಿಡಿಗೆ ಮೊದಲೇ ಆ ತುದಿಯೇ ಕೆಂಡವಾಗಿ ಇಂಧನವನ್ನು ಹೊತ್ತಿಸಿಬಿಡುವ ಅಪಾಯವಿದೆ. ಎಂಜಿನ್ನಿನ ಶಕ್ತಿ ಹೆಚ್ಚಿದಷ್ಟೂ ಬಿಸಿ ಹೆಚ್ಚುವುದರಿಂದ, ಬಿಸಿಯನ್ನು ಬೇಗ ಬಿಟ್ಟುಕೊಡುವ 'ತಂಪು' ಪ್ಲಗ್ ಬೇಕಾಗುತ್ತದೆ. ಇಲ್ಲಿಯೇ ಒಂದು ಎಡವಟ್ಟು: ಎನ್‌ಜಿಕೆ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಕಂಪನಿ ಬದಲಿಸುವಾಗ ಅಂಕಿಯನ್ನಷ್ಟೇ ನೋಡಿ ಕೊಂಡವರು ಬೇಕಾದುದಕ್ಕೆ ತದ್ವಿರುದ್ಧವಾದುದನ್ನು ಹಾಕಿಸಿಕೊಂಡಿರುತ್ತಾರೆ.

ಇನ್ನೊಂದು ವಿಷಯ ತುದಿಗಳ ನಡುವಿನ ಅಂತರ. ಅನಿಲದ ಒತ್ತಡ ಹಾಗೂ ಅಂತರ ಎರಡೂ ಹೆಚ್ಚಿದಂತೆ ಕಿಡಿ ಹಾರಲು ಬೇಕಾದ ವೋಲ್ಟೇಜ್ ಏರುತ್ತದೆ ಎಂಬುದನ್ನು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಷ್ಟು ಹಿಂದೆಯೇ ತೋರಿಸಿದ್ದರು. ಟರ್ಬೊ ಒತ್ತಡವನ್ನು ಹೆಚ್ಚಿಸಿ ಅಂತರವನ್ನು 1 ಮಿ.ಮೀ. ಆಸುಪಾಸಿನಲ್ಲಿಯೇ ಬಿಟ್ಟರೆ ಕಾಯಿಲ್ ಏದುಸಿರು ಬಿಡುತ್ತದೆ. ನಿಂತಲ್ಲಿ ಚೆನ್ನಾಗಿರುವ ಕಾರು ಏರಿನಲ್ಲಿ ಮಾತ್ರ ಮುಗ್ಗರಿಸುವುದಕ್ಕೆ ಇದು ಸಾಮಾನ್ಯ ಕಾರಣ. ಮಾರ್ಪಡಿಸಿದ ಎಂಜಿನ್‌ಗಳಲ್ಲಿ ಅಂತರವನ್ನು 0.6ರಿಂದ 0.7 ಮಿ.ಮೀ.ಗೆ ಇಳಿಸುವ ರೂಢಿ ಬಂದಿರುವುದು ಇದಕ್ಕಾಗಿಯೇ. ಹೊಸ ಪ್ಲಗ್ ಕೆಲಕಾಲ ಗುಣ ಕಂಡಂತೆ ತೋರುವುದಕ್ಕೂ ಉತ್ತರ ಇಲ್ಲಿದೆ: ಅದರ ಅಂಚು ಚೂಪಾಗಿರುತ್ತದೆ, ಅಂತರ ಸವೆದು ಅಗಲವಾಗಿರುವುದಿಲ್ಲ. ಅಷ್ಟರಮಟ್ಟಿಗೆ ದುರ್ಬಲ ಕಾಯಿಲ್ ಬಚಾವಾಗುತ್ತದೆ.

ಹಳೆಯ ಪ್ಲಗ್ಗೇ ಸಾಕ್ಷಿ

ಬಿಚ್ಚಿದ ಪ್ಲಗ್‌ಗಳನ್ನು ಕಸದ ಬುಟ್ಟಿಗೆ ಎಸೆಯುವುದು ರೋಗಿಯ ರಕ್ತಪರೀಕ್ಷೆಯ ವರದಿಯನ್ನು ಓದದೆ ಹರಿದಂತೆ. ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿ ಇಡಬೇಕು. ತಿಳಿ ಕಂದು ಅಥವಾ ಬೂದುಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಇಂಧನ ಹೆಚ್ಚಾಗಿರುವುದನ್ನೋ, ಕಿಡಿ ದುರ್ಬಲವಾಗಿರುವುದನ್ನೋ, ಪ್ಲಗ್ ಅಗತ್ಯಕ್ಕಿಂತ ತಂಪಾಗಿರುವುದನ್ನೋ ಹೇಳುತ್ತದೆ. ಜಿಡ್ಡಿನ ಕಪ್ಪು ಇದ್ದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಇಲ್ಲವೇ ಕ್ರ್ಯಾಂಕ್‌ಕೇಸ್ ಗಾಳಿಯ ಕೊಳವೆಯಿಂದ ಎಣ್ಣೆ ಒಳಬರುತ್ತಿದೆ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ತುದಿ ಕರಗಿದ್ದರೆ ಅತಿಯಾದ ಬಿಸಿ. ಪಿಂಗಾಣಿ ಒಡೆದಿದ್ದರೆ, ಅದರ ಮೇಲೆ ಮಿನುಗುವ ಸಣ್ಣ ಲೋಹದ ಕಣಗಳಿದ್ದರೆ, ಕಾರನ್ನು ಆ ಕ್ಷಣವೇ ನಿಲ್ಲಿಸುವುದು ಲೇಸು; ಆ ಕಣಗಳು ಪಿಸ್ಟನ್ನಿನವು.

ನಾಲ್ಕೂ ಪ್ಲಗ್ ಒಂದೇ ಬಗೆಯಲ್ಲಿ ಕೆಟ್ಟಿವೆಯೇ, ಒಂದು ಮಾತ್ರವೇ? ತನಿಖೆಯ ಮುಖ್ಯ ಕವಲು ಇದು. ಎಲ್ಲವೂ ಸುಟ್ಟಿದ್ದರೆ ತಂತ್ರಾಂಶದಲ್ಲಿನ ಕಿಡಿಯ ಸಮಯ, ಇಂಧನದ ಒತ್ತಡ, ಪ್ಲಗ್ ಆಯ್ಕೆ ಇವುಗಳತ್ತ ನೋಡಬೇಕು. ಒಂದೇ ಸಿಲಿಂಡರಿನದು ಪದೇ ಪದೇ ಕೆಡುತ್ತಿದ್ದರೆ ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ನೋಡುವುದು ಕಾಸಿಲ್ಲದ ಪರೀಕ್ಷೆ. ದೋಷ ಕಾಯಿಲ್ ಜೊತೆ ಸ್ಥಳಾಂತರಗೊಂಡರೆ ಉತ್ತರ ಸಿಕ್ಕಂತೆ. ಇಲ್ಲವಾದರೆ ಇಂಜೆಕ್ಟರ್, ಕಂಪ್ರೆಷನ್, ನಂತರ ಸೋರಿಕೆ ಪರೀಕ್ಷೆ.

ಬಹುಮಂದಿ ಅನುಮಾನಿಸದ ಅಪರಾಧಿಯೊಂದಿದೆ: ಪ್ಲಗ್ ಬಿಗಿದ ಕೈ. ಪ್ಲಗ್‌ನ ಬಿಸಿಯ ಬಹುಪಾಲು ಮರೆಯ ಸುತ್ತು ಮತ್ತು ತಳದ ಮೂಲಕವೇ ಹೆಡ್‌ಗೆ ದಾಟುತ್ತದೆ. ಅಂದಾಜಿನಲ್ಲಿ ಸಡಿಲವಾಗಿ ಬಿಗಿದರೆ ಸರಿಯಾದ ಪ್ಲಗ್ ಕೂಡ ಕುದಿಯುತ್ತದೆ. ಅತಿಯಾಗಿ ಬಿಗಿದರೆ ಕವಚ ಹಿಗ್ಗಿ, ಒಳಗಿನ ಸೀಲ್ ಸಡಿಲವಾಗಬಹುದು. ಟಾರ್ಕ್ ವ್ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ದುಬಾರಿ ಪ್ಲಗ್ ಹಾಕಿಸುವುದು ದಂಡ.

ಓಡಿಸುವ ರೀತಿ, ಬದಲಾದ ಇಂಧನ

ನೇರ ಇಂಧನ ಚಿಮ್ಮುವಿಕೆಯ ಸಣ್ಣ ಟರ್ಬೊ ಎಂಜಿನ್‌ಗಳಿಗೆ ವಿಶಿಷ್ಟವಾದ ಮತ್ತೊಂದು ರೋಗವುಂಟು. ಕಡಿಮೆ ವೇಗದ ತಿರುಗುವಿಕೆಯಲ್ಲಿ, ಗೇರ್ ಇಳಿಸದೆ ಆಕ್ಸಲರೇಟರ್ ಪೂರ್ತಿ ಒತ್ತಿದಾಗ, ಎಣ್ಣೆ ಮತ್ತು ಇಂಧನದ ಹನಿಗಳು ಅಕಾಲದಲ್ಲಿ ಹೊತ್ತಿಕೊಳ್ಳುತ್ತವೆ. ಒಂದೇ ಹೊಡೆತಕ್ಕೆ ಪಿಂಗಾಣಿಯೂ ಪಿಸ್ಟನ್ ರಿಂಗಿನ ಅಂಚೂ ಮುರಿಯಬಹುದು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಆಧಾರಿತ ಶುದ್ಧಿಕಾರಕಗಳು ಇದನ್ನು ಹೆಚ್ಚಿಸುತ್ತವೆಂದು ಕಂಡುಬಂದ ನಂತರ ಎಪಿಐ ಎಸ್‌ಎನ್ ಪ್ಲಸ್ (2018) ಮತ್ತು ಎಸ್‌ಪಿ (2020) ದರ್ಜೆಗಳು ಬಂದವು. ತಂತ್ರಾಂಶ ತಿದ್ದಿಸಿದವರು ಕಡಿಮೆ ವೇಗದಲ್ಲೇ ಹೆಚ್ಚು ಎಳೆತ ಕೇಳಿ ಪಡೆದಿರುತ್ತಾರಾದ್ದರಿಂದ ಅಪಾಯವೂ ಅಲ್ಲೇ ಹೆಚ್ಚು.

ಇಂಧನವೂ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಶುದ್ಧ ಪೆಟ್ರೋಲ್ 1 ಕೆ.ಜಿ. ಉರಿಯಲು 14.7 ಕೆ.ಜಿ. ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಬೇಕು. ಕಾರ್ಖಾನೆಯ ಸ್ಥಿತಿಯಲ್ಲಿ ಇಸಿಯು ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಇಂಜೆಕ್ಟರ್ ಮತ್ತು ಪಂಪ್‌ಗಳ ಸಾಮರ್ಥ್ಯವನ್ನು ಮಾರ್ಪಾಡು ಆಗಲೇ ಕೊನೆಯ ಹನಿಯವರೆಗೆ ಬಳಸಿಕೊಂಡಿದ್ದರೆ ಪೂರ್ಣ ವೇಗದಲ್ಲಿ ಇಂಧನ ಕೊರತೆಯಾಗಿ ಬಿಸಿ ಏರುತ್ತದೆ. ಎಥನಾಲ್ ಆಕ್ಟೇನ್ ಹೆಚ್ಚಿಸುತ್ತದೆಂಬ ಸಮಾಧಾನ ಅಲ್ಲಿ ಉಪಯೋಗಕ್ಕೆ ಬಾರದು.

ಆದ್ದರಿಂದ ನಾಲ್ಕನೆಯ ಜೊತೆ ಪ್ಲಗ್ ಕೊಳ್ಳುವ ಮುನ್ನ, ಏರಿನಲ್ಲಿ ಓಡುವಾಗಿನ ಇಂಧನ-ಗಾಳಿ ಅನುಪಾತ, ಟರ್ಬೊ ಒತ್ತಡ, ನಾಕ್ ಸಂವೇದಕದ ಆಜ್ಞೆಯಂತೆ ಕಿಡಿ ಎಷ್ಟು ಹಿಂದೆ ಸರಿಯುತ್ತಿದೆ ಎಂಬುದನ್ನು ದಾಖಲಿಸಿಕೊಳ್ಳಬೇಕು. ಸಾಧ್ಯವಾದರೆ ಮೂಲ ತಂತ್ರಾಂಶಕ್ಕೆ ಮರಳಿ ಅದೇ ಹಾದಿಯಲ್ಲಿ ಮತ್ತೊಮ್ಮೆ ಓಡಿಸಿ ಹೋಲಿಸುವುದು ಇನ್ನೂ ಉತ್ತಮ. ದೀಪ ಮಿನುಗುತ್ತಿರುವಾಗಲೂ ಓಡಿಸಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಹೊತ್ತಿ, ಅದನ್ನೇ ಕರಗಿಸುತ್ತದೆ. ಅದರ ಬೆಲೆಗೆ ಹಲವು ಜೊತೆ ಪ್ಲಗ್ ಬರುತ್ತವೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ.

ದೋಷ ಸಿಕ್ಕಿತೆಂದು ಮೆಕ್ಯಾನಿಕ್ ಹೇಳಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹೊಸ ಪ್ಲಗ್‌ಗಳನ್ನು 1,000 ಕಿ.ಮೀ. ಆದಾಗ ಒಮ್ಮೆ ಬಿಚ್ಚಿಸಿ, ಬಿಸಿಲಿನಲ್ಲಿ ಹಿಡಿದು ಬಣ್ಣ ನೋಡಬೇಕು.