ನರ್ಸ್ ಪ್ರಾಕ್ಟೀಷನರ್ ಕೋರ್ಸ್: ಸೇರುವ ಮುನ್ನ ಕಲಿಸುವವರು ಯಾರೆಂದು ಕೇಳಿ

ಹೈದರಾಬಾದ್: ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯ ಕನ್ನಡ ಕಿವಿಗೆ ಬೀಳುವುದು ಹೊಸತಲ್ಲ. ರೋಗಿಗಳಷ್ಟೇ ಅಲ್ಲ, ವಾರ್ಡುಗಳಲ್ಲಿ ಓಡಾಡುವ ಸಿಸ್ಟರ್‌ಗಳಲ್ಲೂ ನಮ್ಮ ಹೆಣ್ಣುಮಕ್ಕಳಿದ್ದಾರೆ. ನಾಲ್ಕಾರು ವರ್ಷ ದುಡಿದ ಮೇಲೆ ‘ನರ್ಸ್ ಪ್ರಾಕ್ಟೀಷನರ್’ ಆಗಬೇಕೆಂಬ ಆಸೆ ಅವರಲ್ಲಿ ಮೂಡುವುದು ಸಹಜ. ನಿಗದಿತ ವ್ಯಾಪ್ತಿಯಲ್ಲಿ ರೋಗಿಯನ್ನು ತಾನೇ ಪರೀಕ್ಷಿಸಿ, ಚಿಕಿತ್ಸೆಯ ನಿರ್ಧಾರ ತೆಗೆದುಕೊಳ್ಳುವ ನರ್ಸ್ ಎಂದು ಇದರ ಅರ್ಥ. ಅಮೆರಿಕದ ಕೊಲೊರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ಈ ತರಬೇತಿಯನ್ನು ಆರಂಭಿಸಿದರು.

ಈ ವಿದ್ಯೆ ಪುಸ್ತಕದಿಂದ ಮಾತ್ರ ಬರುವುದಿಲ್ಲ. ಅನುಭವಿಯೊಬ್ಬರು ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಸಬೇಕು. ಅವರನ್ನು ಪ್ರಿಸೆಪ್ಟರ್ ಎನ್ನುತ್ತಾರೆ. ಬ್ಯಾಂಕಿನಲ್ಲಿ ಹೊಸ ಗುಮಾಸ್ತನನ್ನು ಹಳೆಯ ಕ್ಯಾಷಿಯರ್ ಪಕ್ಕ ಕೂರಿಸುವಂತೆಯೇ ಇದು. ಇಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಹಣವಲ್ಲ, ಅಷ್ಟೆ.

ಅಮೆರಿಕದಲ್ಲಿ ಓದುವವರಿಗೆ ಕಷ್ಟ ಶುರುವಾಗುವುದೇ ಇಲ್ಲಿ. ಅಲ್ಲಿನ ಅನೇಕ ಕಾಲೇಜುಗಳು, ಮುಖ್ಯವಾಗಿ ಆನ್‌ಲೈನ್ ಪಾಠ ನಡೆಸುವವು, ಪ್ರಿಸೆಪ್ಟರ್‌ನನ್ನು ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ಮೇಲೇ ಹೊರಿಸುತ್ತವೆ. ಕನಿಷ್ಠ 500 ಗಂಟೆಗಳಿದ್ದ ಪ್ರಾಯೋಗಿಕ ತರಬೇತಿಯ ಮಾನದಂಡ 2022ರಲ್ಲಿ 750 ಗಂಟೆಗೆ ಏರಿತು. ಗುರು ಸಿಗದೆ ಸೆಮಿಸ್ಟರ್ ಮುಂದಕ್ಕೆ ಹೋಗುವುದೂ, ದಳ್ಳಾಳಿ ಸಂಸ್ಥೆಗಳಿಗೆ ಹಣ ತೆರುವುದೂ ಅಲ್ಲಿ ಮಾಮೂಲು. ಮಗಳನ್ನೋ ಸೊಸೆಯನ್ನೋ ಅಲ್ಲಿ ಓದಿಸಲು ಸಾಲಕ್ಕೆ ಸಹಿ ಹಾಕುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು.

ನಮ್ಮ ದೇಶದ ಪದ್ಧತಿ ಬೇರೆ. ತೀವ್ರ ನಿಗಾ ವಿಭಾಗಕ್ಕಾಗಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಪಾಠ ಶೇ. 20, ಉಳಿದ ಶೇ. 80 ಆಸ್ಪತ್ರೆಯ ಕೆಲಸ. ಪ್ರಿಸೆಪ್ಟರ್‌ರನ್ನು ಒದಗಿಸುವ ಹೊಣೆ ಸಂಸ್ಥೆಯದು.

ಆದರೆ ಕಲಿಸುವವರೇ ಅಪರೂಪವಾದಾಗ ಏನು ಮಾಡುವುದು? ಇದಕ್ಕೆ ಉತ್ತರ ಹುಡುಕಿದ ಊರುಗಳಲ್ಲಿ ನಮ್ಮ ಹೈದರಾಬಾದೂ ಒಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ಶೇ. 60.7 ಹೆರಿಗೆಗಳು ಸಿಜೇರಿಯನ್. ಕರ್ನಾಟಕದಲ್ಲಿ ಇದು ಶೇ. 31.5. ಸಹಜ ಹೆರಿಗೆ ಮಾಡಿಸಬಲ್ಲ ನರ್ಸ್‌ಗಳು ಬೇಕೆಂದು ರಾಜ್ಯ ಸರಕಾರವು 2017ರಲ್ಲಿ ಇಲ್ಲಿನ ಫರ್ನಾಂಡಿಸ್ ಆಸ್ಪತ್ರೆ ಮತ್ತು ಯುನಿಸೆಫ್ ಜತೆ ಸೇರಿ 18 ತಿಂಗಳ ತರಬೇತಿ ಆರಂಭಿಸಿತು. 1948ರಲ್ಲಿ ಸ್ಥಾಪನೆಯಾದ ಆ ಆಸ್ಪತ್ರೆ 2011ರಿಂದಲೇ ಈ ವಿದ್ಯೆ ಕಲಿಸುತ್ತಿತ್ತು. ಹೊರದೇಶದ ಅನುಭವಿಗಳನ್ನೂ ಕರೆಸಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಮೊದಲು ಕಲಿಸುವವರಿಗೇ ಆರು ತಿಂಗಳ ತರಬೇತಿ, ಆಮೇಲೆ ಶಿಷ್ಯರು. ಇದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ.

ಅದೇ ತಿಂಗಳು ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ ಪದ್ಮಶ್ರೀ ಪಡೆದ ಆ ತಾಯಿ ಕೆಲಸ ಕಲಿತದ್ದು ತಮ್ಮ ಅಜ್ಜಿಯಿಂದ. ಪ್ರಿಸೆಪ್ಟರ್ ಎಂಬ ಪದ ಆ ಮನೆಯಲ್ಲಿ ಯಾರಿಗೂ ಗೊತ್ತಿದ್ದಿರಲಾರದು.

ಆದ್ದರಿಂದ ಪ್ರವೇಶಕ್ಕೆ ಮುನ್ನ ಪೋಷಕರು ಕೇಳಬೇಕಾದ್ದು ಕಟ್ಟಡ, ಹಾಸ್ಟೆಲ್ ಬಗ್ಗೆ ಮಾತ್ರವಲ್ಲ. ಪರಿಷತ್ತಿನ ಮಾನ್ಯತೆ ಇದೆಯೇ? ಯಾವ ಆಸ್ಪತ್ರೆಯಲ್ಲಿ ಕೆಲಸ? ಒಬ್ಬ ಪ್ರಿಸೆಪ್ಟರ್ ಕೈಕೆಳಗೆ ಎಷ್ಟು ಮಂದಿ? ಅವರು ರಜೆ ಹೋದರೆ ಬದಲಿ ಯಾರು? ಮುಗಿಸಿದ ಮೇಲೆ ಓದಿಗೆ ತಕ್ಕ ಹುದ್ದೆ ಇದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನೊಂದು ಮಾತು. ಹದಿನೈದಿಪ್ಪತ್ತು ವರ್ಷ ಅನುಭವವಿರುವ ಕನ್ನಡದ ಸಿಸ್ಟರ್‌ಗಳು ಈ ನಗರದಲ್ಲಿದ್ದಾರೆ. ರಾಜ್ಯೋತ್ಸವದ ಸನ್ಮಾನದ ಪಟ್ಟಿಯಲ್ಲಿ ಅವರ ಹೆಸರು ಕಾಣುವುದು ಕಡಿಮೆ. ಶಾಲು ಬೇಡ, ಸಂಘಗಳು ಒಂದು ಭಾನುವಾರ ಸಭಾಂಗಣ ಬಿಟ್ಟುಕೊಟ್ಟರೆ ಸಾಕು. ನೈಟ್ ಡ್ಯೂಟಿ ಇಲ್ಲದವರು ಬಂದು ಎಳೆಯರೊಂದಿಗೆ ಮಾತನಾಡಿಯಾರು.